ಒಂದೂಕಾಲು ಮಿಲಿಮೀಟರ್ ಸಡಿಲು

ಬಿಂದುಮಾಧವರಾಯರ ಮನೆಯಲ್ಲಿ ಸಡಿಲಾದ ವಸ್ತು ಒಂದೂ ಇರಲಿಲ್ಲ. ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆಯಬೇಕಾದರೆ ಹೆಂಡತಿ ಭಾಮಾಬಾಯಿಗೆ ಎರಡೂ ಕೈ, ಒಂದು ಮೊಣಕಾಲು ಬೇಕಾಗುತ್ತಿದ್ದವು. ಕಿಟಕಿಯ ಚಿಲಕ ಹಾಕಿದರೆ ಹಾಕಿದಂತೆಯೇ. ಅದನ್ನು ಮತ್ತೆ ತೆಗೆಯಲು ರಾಯರೇ ಫ್ಯಾಕ್ಟರಿಯಿಂದ ಬರಬೇಕು. ಪುಣೆಯ ಚಿಂಚವಾಡದ ಆ ಕಾಲೋನಿಯಲ್ಲಿ ಮಳೆಗಾಲದಲ್ಲಿ ಎಲ್ಲರ ಮನೆ ಬಾಗಿಲು ಉಬ್ಬಿ ಸಿಕ್ಕಿಕೊಂಡಾಗ ರಾಯರ ಬಾಗಿಲು ಮಾತ್ರ ಸಿಕ್ಕಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅವರು ಮೇ ತಿಂಗಳಲ್ಲೇ ಅದಕ್ಕೆ ಎಷ್ಟು ಬೇಕೋ ಅಷ್ಟು ರಂದಾ ಹೊಡೆದು ಹೆರೆದಿರುತ್ತಿದ್ದರು. ಇದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು, ಭಾಮಾಬಾಯಿ ಮೂಗು ಮುರಿಯುತ್ತ ಕೇಳುತ್ತಿದ್ದರು.

ಧಾರವಾಡದಿಂದ ಬಂದು ಇಪ್ಪತ್ತಮೂರು ವರ್ಷ ಅವರು ಒಂದೇ ಫ್ಯಾಕ್ಟರಿಯ ಗೇಜು ಕೋಣೆಯಲ್ಲಿ ಕೆಲಸ ಮಾಡಿದ್ದರು. ಶೆಡ್ಡಿನಲ್ಲಿ ಬೇರೆಯವರು ಗಾಡಿಯ ಭಾಗಗಳನ್ನು ಅಳೆದರೆ, ಆ ಅಳೆಯುವ ಸಾಧನಗಳನ್ನು ಅಳೆಯುವವರು ಇವರು. ಕೂದಲೆಳೆಯ ಏಳೆಂಟರಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಆಚೆ ಒಗೆಯುವ ಅಧಿಕಾರ ಅವರಿಗಿತ್ತು. ಅಂಥ ಮನುಷ್ಯನ ಕೈಗೆ ತೊಂಬತ್ತನಾಲ್ಕರಲ್ಲಿ, ಮುಂಬೈಯ ಗೆಳೆಯನೊಬ್ಬನ ಮೂಲಕ, ರಿಮೋಟಿನಿಂದ ಓಡುವ ರೇಸ್ ಗಾಡಿಯ ಜಪಾನೀ ಕಿಟ್ ಬಂದು ಬಿದ್ದರೆ ಏನಾಗಬೇಕೋ ಅದೇ ಆಯಿತು. ಒಂದು ಮೊಳ ಉದ್ದ, ಒಂದು ಗೇಣು ಅಗಲದ ಗಾಡಿ. ಡಾಂಬರಿನ ಮೇಲೆ ಓಡಬೇಕಾದದ್ದು, ನೆಲಕ್ಕೆ ಹೊಟ್ಟೆ ತಾಗುತ್ತದೋ ಏನೋ ಅನ್ನುವಷ್ಟು ಗಿಡ್ಡ. ಎಂಟು ವರ್ಷದಲ್ಲಿ ರಾಯರು ಅದರ ಒಂದೊಂದೇ ಭಾಗ ತೆಗೆದು, ತಾವೇ ಮಾಡಿದ ಭಾಗ ಕೂರಿಸುತ್ತ ಬಂದಿದ್ದರು. ಈಗ ಜಪಾನಿನದು ಎನ್ನಲು ಅದರಲ್ಲಿ ಮೋಟಾರು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಮಕ್ಕಳ ಆಟಿಕೆ ಎಂದು ಯಾರಾದರೂ ಅಂದರೆ ಮಾತ್ರ ಅವರಿಗೆ ನೆತ್ತಿಗೇರುತ್ತಿತ್ತು.

ಇಂಥ ಹುಚ್ಚು ಹಿಡಿದವರು ಊರಲ್ಲಿ ಹದಿನೈದಿಪ್ಪತ್ತು ಜನ ಇದ್ದರು. ಭಾನುವಾರ ಬೆಳಿಗ್ಗೆ ಖಡಕಿಯಲ್ಲಿ ಒಂದು ಹಳೆಯ ಗೋದಾಮಿನ ಮುಂದಿನ ಅಂಗಳದಲ್ಲಿ ಸೇರುತ್ತಿದ್ದರು. ಮರಳು ಚೀಲಗಳನ್ನು ಇಟ್ಟು ದಾರಿ ಮಾಡಿ, ಗಾಲಿ ಇಲ್ಲದ ಒಂದು ಲಾರಿಯ ಮೇಲೆ ನಿಂತು ಗಾಡಿ ಓಡಿಸುತ್ತಿದ್ದರು. ಒಂದು ರಿಮೋಟಿನ ಮಾತು ಇನ್ನೊಂದರ ಗಾಡಿಗೆ ಕೇಳಿಸದಂತೆ ಒಮ್ಮೆಗೆ ಐದು ಗಾಡಿ ಮಾತ್ರ ಓಡಬಹುದಾಗಿತ್ತು. ಹಾಗಾಗಿ ದೀಪಾವಳಿ ಆದ ಮೇಲಿನ ಭಾನುವಾರದ ದೊಡ್ಡ ರೇಸಿಗೆ ಲಾರಿಯ ಮೇಲೆ ಜಾಗ ಐದೇ. ತೊಂಬತ್ತಾರರಿಂದ ಆ ಐದರಲ್ಲಿ ಒಂದು ರಾಯರದು. ಫ್ಯಾಕ್ಟರಿಯಲ್ಲಿ ಅವರ ಹೆಸರನ್ನು ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ. ಇಲ್ಲಿ ವರ್ಷಕ್ಕೊಮ್ಮೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅದು ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಅವರೊಬ್ಬರಿಗೇ ಗೊತ್ತು.

ಎರಡು ಸಾವಿರದ ಎರಡನೇ ಇಸವಿ, ಗಣಪತಿ ಹಬ್ಬದ ಮುಂಚಿನ ಭಾನುವಾರ ಆ ಜಾಗಕ್ಕೆ ಕುತ್ತು ಬಂತು. ನೆಟ್ಟಗಿನ ದಾರಿಯಲ್ಲಿ ರಾಯರ ಗಾಡಿ ಮೂಗು ಅಲ್ಲಾಡಿಸತೊಡಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಚಳಿ ಬಂದವರ ಹಾಗೆ. ಮೂರು ಸಲ ಚೀಲಕ್ಕೆ ಹೋಗಿ ಗುದ್ದಿತು. ಕೂಟದ ಹಿರಿಯ ದೇವದಾಸ್ ಹುಬ್ಬಳ್ಳಿಯ ಕಡೆಯವರು, ನಾನಾ ಪೇಟೆ ಎಂಬಲ್ಲಿ ಬೇರಿಂಗ್ ಅಂಗಡಿ ಇಟ್ಟವರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಹೇಳುವ ಮಾತೇ ಹೆಚ್ಚು ಚುಚ್ಚುತ್ತದೆ.

“ಬಿಂದುರಾವ್, ಒಂದು ಮಾತು ಹೇಳಲ್ಯಾ? ಸಿಟ್ಟಾಗಬ್ಯಾಡ್ರಿ,” ಅಂದರು ದೇವದಾಸ್. “ಗಾಡಿ ಕಟ್ಟೋದ್ರಾಗ ನಿಮ್ಮ ಸರಿ ಇಡೀ ಪುಣ್ಯಾದಾಗ ಯಾರಿಲ್ಲ. ಓಡಸೋದು ಇನ್ನ ಸಣ್ಣವರಿಗೆ ಬಿಡ್ರಿ. ನೀವು ಕಟ್ರಿ, ಓಂಕಾರ್ ಓಡಸ್ಲಿ. ಇಬ್ರೂ ಕೂಡಿದ್ರ ರೇಸಿನ ಕಪ್ಪು ನಮ್ಮ ಕನ್ನಡದವರ ಮನ್ಯಾಗ.”

ಓಂಕಾರ್ ಇಪ್ಪತ್ತೆರಡರ ಬೆಳಗಾವಿ ಹುಡುಗ. ಕೈ ಚುರುಕು, ಆದರೆ ಅವನ ಗಾಡಿ ಅಂಗಡಿಯಲ್ಲಿ ಕೊಂಡದ್ದು, ಹೇಗಿತ್ತೋ ಹಾಗೇ ಇತ್ತು. ರಾಯರ ಗಾಡಿಯನ್ನು ಅವನು ನೋಡುತ್ತಿದ್ದ ರೀತಿ ನೋಡಿದರೆ ರಾತ್ರಿ ಅದರ ಕನಸು ಬೀಳುತ್ತಿತ್ತೋ ಏನೋ. ಈಗ ಅವನು ನೆಲ ನೋಡಿದ. ಅದು ರಾಯರನ್ನು ಇನ್ನೂ ಉರಿಸಿತು.

“ದೇವದಾಸ್, ಕೇಳ್ರಿ. ದೀಪಾವಳಿ ರೇಸಿಗೆ ನಾ ಐದರಾಗ ಬರಲಿಲ್ಲಂದ್ರ ಈ ಗಾಡಿ, ರಿಮೋಟು, ಸ್ಪೇರಿನ ಡಬ್ಬಿ ಸಹಿತ ಓಂಕಾರಗ ಕೊಟ್ಟುಬಿಡ್ತೀನಿ. ಬಂದೆ ಅಂದ್ರ, ಈ ಮಾತು ಮತ್ತ ಯಾರೂ ಎತ್ತಬಾರ್ದು.”

“ಅಯ್ಯ, ನಾ ಎಲ್ಲೆ ಹಂಗಂದೆ...” ಎಂದು ದೇವದಾಸ್ ತಡವರಿಸಿದರು. ಆದರೆ ಮಾತು ಹದಿನೈದು ಜನರ ಮುಂದೆ ಬಾಯಿಂದ ಹೊರಬಿದ್ದಾಗಿತ್ತು.

ಕೈಯಲ್ಲಿ ಒಂಬತ್ತು ವಾರ ಇದ್ದವು. ರಾಯರು ಹಟಕ್ಕೆ ಬಿದ್ದರು. ಗಾಡಿ ಅಲ್ಲಾಡುತ್ತದೆ ಎಂದರೆ ಎಲ್ಲೋ ಸಡಿಲಾಗಿದೆ. ಇಪ್ಪತ್ತಮೂರು ವರ್ಷದ ವಿದ್ಯೆ ಅವರಿಗೆ ಕಲಿಸಿದ್ದು ಅದೇ. ಬಾಲ್ಕನಿಯ ಮೇಜಿನ ಮೇಲೆ ಗಾಡಿಯ ಹೊಟ್ಟೆ ಬಿಚ್ಚಿ ಕೂತರು. ರವಿವಾರ ಪೇಟೆಯ ಬೋಹರಿ ಆಳಿ ಎಂಬ ಓಣಿಗೆ ಹೋಗಿ ಒಳ್ಳೆಯ ಉಕ್ಕಿನ ಸಣ್ಣ ಸಲಾಕೆ ತಂದು ಮುಂಗಾಲಿಯ ಮೊಳೆಗಳನ್ನೆಲ್ಲ ಲೇಥಿನ ಮೇಲೆ ಹೊಸದಾಗಿ ತಿರುವಿ, ಮಸೆಯುವ ಪೇಸ್ಟ್ ಹಚ್ಚಿ ಉಜ್ಜಿ ಉಜ್ಜಿ, ತೂತಿನಲ್ಲಿ ಗಾಳಿಗೂ ಎಡೆ ಇಲ್ಲದಂತೆ ಕೂರಿಸಿದರು. ತೂತುಗಳೊಳಗೆ ಬಳೆಯಂಥ ಪ್ಲಾಸ್ಟಿಕ್ ಬುಶ್‌ಗಳಿದ್ದ ಕಡೆ ಕಂಚಿನವು ಬಂದವು. ಸ್ಟೀರಿಂಗ್ ತೋಳನ್ನು ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆದರು.

ಆ ತೋಳಿನ ವಿಷಯ ಸ್ವಲ್ಪ ಹೇಳಬೇಕು. ರಿಮೋಟಿನ ಮೇಲಿನ ಪುಟ್ಟ ಚಕ್ರ ತಿರುಗಿಸಿದರೆ ಗಾಡಿಯೊಳಗೆ ಬೆಂಕಿಪೆಟ್ಟಿಗೆಯಷ್ಟಿರುವ ಒಂದು ಯಂತ್ರ ಒಂದು ಮೊಳೆಯನ್ನು ಆಚೀಚೆ ತಳ್ಳುತ್ತದೆ. ಮೊಳೆ ಆ ತೋಳಿನ ತೂತಿನಲ್ಲಿ ಕೂತಿರುತ್ತದೆ. ತೋಳು ಮುಂದಿನ ಎರಡೂ ಗಾಲಿ ತಿರುಗಿಸುತ್ತದೆ. ಕೈ ಹೇಳಿದ್ದು ಗಾಲಿಗೆ ಮುಟ್ಟುವುದು ಈ ಒಂದೇ ತೂತಿನ ಮೂಲಕ. ರಾಯರು ಆ ತೂತಿಗೆ ಮೊಳೆಯನ್ನು ಎಷ್ಟು ಬಿಗಿಯಾಗಿ ಕೂರಿಸಿದರೆಂದರೆ, ನಡುವೆ ಉಳಿದ ಸಂದಿ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಫ್ಯಾಕ್ಟರಿಯಲ್ಲಾಗಿದ್ದರೆ ಅದರ ಮೇಲೆ ಹಸಿರು ಚುಕ್ಕೆ ಇಡುತ್ತಿದ್ದರು.

ಭಾನುವಾರ ಓಡಿಸಿದರು. ಗಾಡಿ ಮೊದಲಿಗಿಂತ ಹೆಚ್ಚು ನಡುಗಿತು.

ಟೈರು ಬದಲಿಸಿದರು. ಸ್ಪ್ರಿಂಗಿನ ಜೊತೆಗಿರುವ ನಳಿಗೆಗಳಲ್ಲಿ ದಪ್ಪ ಎಣ್ಣೆ ತುಂಬಿದರು. ಗಾಲಿಗಳ ಮೂಗನ್ನು ಒಳಗೆ ಅರ್ಧ ಡಿಗ್ರಿ ತಿರುಗಿಸಿದರು, ಹೊರಗೆ ಅರ್ಧ ಡಿಗ್ರಿ ತಿರುಗಿಸಿದರು. ಮತ್ತೊಂದು ಭಾನುವಾರ, ಮತ್ತೊಂದು. ಬಿಗಿ ಮಾಡಿದಷ್ಟೂ ಗಾಡಿ ಹೆಚ್ಚು ಹೆಚ್ಚು ನಡುಗುತ್ತಿತ್ತು. ಮನೆಯಲ್ಲಿ ರಾಯರು ಊಟಕ್ಕೆ ಕೂತರೆ ಭಕ್ಕರಿಯನ್ನು ಬಿಟ್ಟು ಗೋಡೆ ನೋಡುತ್ತಿದ್ದರು. “ಆ ಗಾಡಿಗೆ ಯಾರದರ ದೃಷ್ಟಿ ತಾಗೇದೇನ ನೋಡ್ರಿ,” ಎಂದು ಭಾಮಾಬಾಯಿ ಖಂಡೆ ಪೂಜೆಯ ದಿನ ಮನೆಯ ಹತ್ಯಾರುಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಂಥದ್ದನ್ನು ನಂಬದ ರಾಯರು ಅಂದು ಸುಮ್ಮನೆ ನಿಂತು ನೋಡಿದರು. ಅಷ್ಟು ಸೋತಿದ್ದರು.

ದಸರೆಯ ಬೆಳಿಗ್ಗೆ ಕಾಲೋನಿಯ ರಸ್ತೆ ಖಾಲಿ ಇತ್ತು. ಗಾಡಿ ಓಡುವಾಗ ಮುಂದಿನ ಗಾಲಿ ಏನು ಮಾಡುತ್ತದೆ ಎಂದು ಹತ್ತಿರದಿಂದ ನೋಡಬೇಕು, ಅದಕ್ಕೆ ಬೇರೆ ಯಾರಾದರೂ ಓಡಿಸಬೇಕು ಎಂದು ರಾಯರಿಗೆ ಹೊಳೆಯಿತು. ಮಗಳು ಪೂರ್ವಾಳನ್ನು ಎಬ್ಬಿಸಿದರು. ಅವಳು ಹನ್ನೊಂದನೇ ಇಯತ್ತೆ ಓದುತ್ತಿದ್ದಳು, ಗಾಡಿಯ ಹೆಸರೆತ್ತಿದರೆ ಕಣ್ಣು ಮೇಲೆ ಮಾಡುತ್ತಿದ್ದಳು.

“ನಂಗ ಬರಂಗಿಲ್ಲಪಾ.”

“ಬರೋದು ಏನದ? ಚಕ್ರ ನೆಟ್ಟಗ ಹಿಡಿ, ಬೆರಳಿಂದ ಹಗೂರಕ ಒತ್ತು. ನಾ ಅಲ್ಲೆ ಮಲಕೋತೀನಿ.”

ನಲವತ್ತೇಳು ವರ್ಷದ ಗಂಡಸು ಹಬ್ಬದ ದಿನ ಬಿಳಿ ಅಂಗಿಯಲ್ಲಿ ರಸ್ತೆಯ ಮೇಲೆ ಬೋರಲು ಮಲಗಿದ. ಹಾಲಿಗೆ ಹೊರಟಿದ್ದ ಪಕ್ಕದ ಮನೆಯವರು ನಿಂತು ನೋಡಿ ಮುಂದೆ ಹೋದರು. ಪೂರ್ವಾ ಒತ್ತಿದಳು. ಗಾಡಿ ರಾಯರ ಕಿವಿಯ ಪಕ್ಕದಿಂದ, ನೂಲು ಹಿಡಿದು ಎಳೆದಂತೆ, ನೆಟ್ಟಗೆ ಹೋಯಿತು.

ರಾಯರು ಎದ್ದು ಕೂತರು. “ಮತ್ತೊಮ್ಮೆ.”

ಮತ್ತೊಮ್ಮೆಯೂ ನೆಟ್ಟಗೆ. ಗಾಲಿಗಳು ಮಿಸುಕಲಿಲ್ಲ. ರಾಯರು ಧಾವಿಸಿ ಹೋಗಿ ರಿಮೋಟ್ ಕಸಿದುಕೊಂಡು ತಾವು ಓಡಿಸಿದರು. ಗಾಡಿ ನಡುಗಿತು. ಪೂರ್ವಾಳ ಕೈಗೆ ಕೊಟ್ಟರು, ನೆಟ್ಟಗೆ ಹೋಯಿತು. ಮತ್ತೆ ತಾವು ತೆಗೆದುಕೊಂಡರು. ಮತ್ತೆ ನಡುಗಿತು. ನಾಲ್ಕನೇ ಸಲಕ್ಕೆ ಪೂರ್ವಾ ಗಾಡಿಯನ್ನು ನೋಡುವುದು ಬಿಟ್ಟು ಅಪ್ಪನ ಕೈ ನೋಡತೊಡಗಿದಳು. ಅವಳು ನೋಡುತ್ತಿರುವುದನ್ನು ರಾಯರು ನೋಡಿದರು.

ಗಾಡಿಯಲ್ಲಿ ಏನೂ ತಪ್ಪಿರಲಿಲ್ಲ. ಎಷ್ಟು ಸರಿ ಇತ್ತೆಂದರೆ ಅವರ ಕೈ ಹೇಳಿದ್ದನ್ನು ಒಂದಕ್ಷರ ಬಿಡದೆ ಗಾಲಿಗೆ ಮುಟ್ಟಿಸುತ್ತಿತ್ತು. ನಡುಗುತ್ತಿದ್ದದ್ದು ಅವರ ಕೈ. ಐದು ವಾರ ಅವರು ಗಾಡಿಯ ಪ್ರತಿ ಮೊಳೆ, ಪ್ರತಿ ತೂತು ಅಳೆದಿದ್ದರು. ರಿಮೋಟ್ ಹಿಡಿದ ಕೈಯನ್ನು ಅಳೆಯಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ಅಳೆಯುವವನ ಕೈಯನ್ನು ಯಾರಾದರೂ ಅಳೆಯುತ್ತಾರೆಯೆ? ಗೇಜು ಕೋಣೆಯಲ್ಲಿ ಮುಂಗೈಯನ್ನು ಕಲ್ಲಿನ ಮೇಜಿಗೆ ಊರಿ ಕೆಲಸ ಮಾಡುವ ಅಭ್ಯಾಸ, ಅಲ್ಲಿ ಗೊತ್ತೇ ಆಗಿರಲಿಲ್ಲ. ಲಾರಿಯ ಮೇಲೆ ನಿಂತಾಗ ಊರಲು ಮೇಜಿಲ್ಲ.

ಸಂಜೆ ಕಾಲೋನಿಯವರು ಬಂಗಾರವೆಂದು ಎಲೆ ಕೊಡಲು ಬಂದರು. “ಸೋನಂ ಘ್ಯಾ,” ಬಂಗಾರ ತಗೊಳ್ಳಿ ಎಂದು ಮರಾಠಿಯಲ್ಲಿ ಅವರು, “ಬನ್ನಿ ತೊಗೊಂಡು ಬಂಗಾರದಂಗಿರೂಣು,” ಎಂದು ಇವರು. ಕೊಟ್ಟ ಪ್ರತಿ ಎಲೆಯೂ ರಾಯರ ಬೆರಳ ನಡುವೆ ಸಣ್ಣಗೆ ಅದುರುತ್ತಿತ್ತು. ಇಷ್ಟು ದಿನ ಇದು ಕಾಣಲಿಲ್ಲವೆ? ಈಗ ಕಂಡ ಮೇಲೆ ಬೇರೇನೂ ಕಾಣಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಮರುದಿನ ಫ್ಯಾಕ್ಟರಿಯಿಂದ ಬಂದವರೇ ಕಪಾಟಿನಿಂದ ತಮ್ಮ ಸ್ವಂತ ಡಯಲ್ ಗೇಜು ತೆಗೆದರು. ಗಡಿಯಾರದಂಥ ಮುಖ, ಕೆಳಗೊಂದು ಕಡ್ಡಿ. ಕಡ್ಡಿಗೆ ಏನಾದರೂ ತಾಗಿ ಮಿಲಿಮೀಟರಿನ ನೂರನೇ ಪಾಲು ಸರಿದರೆ ಮುಳ್ಳು ಒಂದು ಗೆರೆ ದಾಟುತ್ತದೆ. ಗಾಡಿಯನ್ನು ಮೇಜಿಗೆ ಬಿಗಿದು, ಸ್ಟೀರಿಂಗ್ ತೋಳು ಬಿಚ್ಚಿ, ಕಡ್ಡಿಯನ್ನು ಆ ಮೊಳೆಗೆ ತಾಗಿಸಿ ನಿಲ್ಲಿಸಿದರು. ಮೊದಲು ಪೂರ್ವಾಳ ಕೈಗೆ ರಿಮೋಟ್ ಕೊಟ್ಟು ಅಲುಗದಂತೆ ಹಿಡಿ ಎಂದರು. ಮುಳ್ಳು ಮೂರ್ನಾಲ್ಕು ಗೆರೆಯೊಳಗೆ ಆಡಿತು. ಬರೆದುಕೊಂಡರು.

“ಈಗ ನಾ ಹಿಡೀತೀನಿ. ನೀ ಓದು.”

ಪೂರ್ವಾ ಗೇಜಿನ ಮೇಲೆ ಬಾಗಿದಳು. “ಇಪ್ಪತ್ತು... ಅರವತ್ತು... ಮತ್ತ ಹತ್ತು... ತೊಂಬತ್ತು...” ಅವಳ ದನಿ ಸಣ್ಣದಾಯಿತು. “ಅಪ್ಪಾ, ಇದು ನಿಲ್ಲವಲ್ದು.”

“ನಿಲ್ಲೋದು ಬ್ಯಾಡ. ಎಲ್ಲಾಕಿಂತ ಈ ಕಡೆ ಎಷ್ಟು, ಎಲ್ಲಾಕಿಂತ ಆ ಕಡೆ ಎಷ್ಟು, ಅಷ್ಟ ಹೇಳು.”

“ನೂರಾ ಹದಿನೈದು ಗೆರಿ. ಇಲ್ಲಿಂದ ಇಲ್ಲಿಗೆ.”

“ಒಂದು ಪಾಯಿಂಟ್ ಒಂದೈದು,” ಎಂದು ರಾಯರು ಬರೆದರು. ಹತ್ತು ಸಲ ಅಳೆಸಿದರು. ಕೆಲಸ ಕೆಲಸವೇ. ಬರೆಯುವಾಗ ಕಣ್ಣಿಂದ ನೀರು ಕಾಗದದ ಮೇಲೆ ಬಿತ್ತು. ಪೂರ್ವಾ ಅದನ್ನು ನೋಡದವಳ ಹಾಗೆ ಗೇಜು ಒರೆಸುತ್ತ ಕೂತಳು.

ಬಾಗಿಲಲ್ಲಿ ಭಾಮಾಬಾಯಿ ಚಹಾ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಕೈ ಅಳಿಯೂದ್ಯಾಕ್ರಿ ಅದಕ್ಕ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ.”

“ನಿನಗ ಗೊತ್ತಿತ್ತ?”

“ಎರಡು ವರ್ಷ ಆತು, ನಿಮ್ಮ ಕಪ್ಪಿಗೆ ಚಹಾ ಮುಕ್ಕಾಲ ಹಾಕ್ತೀನಿ. ತುಂಬ ಹಾಕಿದ್ರ ಅಂಗಿ ಮ್ಯಾಲೆ ಚೆಲ್ಲತಿದ್ರಿ. ಇಷ್ಟೆಲ್ಲಾ ಅಳೀತೀರಿ, ಕಪ್ಪು ಮುಕ್ಕಾಲದ ಅಂತ ಒಂದಿನರ ಅಂದೀರೇನು?”

ರಾಯರು ಕಪ್ಪಿನೊಳಗೆ ಇಣುಕಿದರು. ಎರಡು ವರ್ಷ! ಕೂದಲೆಳೆಯ ಪಾಲು ಹಿಡಿಯುವ ಕಣ್ಣು ಕಾಲು ಕಪ್ಪು ಚಹಾ ಹಿಡಿದಿರಲಿಲ್ಲ.

“ಮತ್ತ ಹೇಳಬಾರದಿತ್ತೇನ?”

“ಹೇಳಿದ್ರ ನೀವು ಕೇಳೋರೇನು? ಸುಮ್ಮ ನನ್ನ ಮ್ಯಾಲೆ ಹಾಯತಿದ್ರಿ. ಮಾವನೋರದೂ ಹಂಗ ಇತ್ತು. ತೀರ್ಥ ಕೊಡಬೇಕಾದ್ರ ಉದ್ಧರಣಿ ಹೆಂಗ ನಡಗತಿತ್ತು, ಮರತ್ರ್ಯಾ? ಎಲ್ಲಾರೂ ಭಾಳ ಭಕ್ತಿ ಅಂತಿದ್ರು.”

ಆ ವಾರ ಭಾಮಾಬಾಯಿ ಪಟ್ಟು ಹಿಡಿದು ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಕೈ ಚಾಚಿಸಿ, ಕಾಗದದ ಮೇಲೆ ಸುರುಳಿ ಬರೆಸಿ, ನಡೆಸಿ ನೋಡಿ, ದೊಡ್ಡ ರೋಗವೇನಲ್ಲ, ಮನೆತನದಲ್ಲಿ ಬಂದದ್ದು ಎಂದರು. ಇದು ಪ್ರಾಣ ತೆಗೆಯುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ. ಒಂದು ಗುಳಿಗೆ ಬರೆದುಕೊಟ್ಟರು. ಅದನ್ನು ತೆಗೆದುಕೊಂಡು ಹಗಲೆಲ್ಲ ಜೋಂಪು ಹಿಡಿದು ಗೇಜಿನ ಮುಂದೆ ತೂಕಡಿಸಿದ ರಾಯರು ನಾಲ್ಕನೇ ದಿನ ಬಿಟ್ಟರು. ಸೋಮವಾರ ಫ್ಯಾಕ್ಟರಿಯಲ್ಲಿ ಸಾಹೇಬರ ಮುಂದೆ ನಿಂತು, ಇನ್ನು ಮೇಲೆ ನನ್ನ ಸೂಕ್ಷ್ಮ ಅಳತೆಗಳನ್ನು ಇನ್ನೊಬ್ಬರೂ ತೆಗೆದು ನೋಡಲಿ ಎಂದು ಹೇಳಿಬಂದರು. ಅದು ಅವರಿಗೆ ಸುಲಭವಾಗಿರಲಿಲ್ಲ. ಆದರೆ ಫ್ಯಾಕ್ಟರಿಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರಿಗೆ ಹೇಳಿದರೆ ಸಾಕಿತ್ತು. ಖಡಕಿಯಲ್ಲಿ ಯಾರಿಗೂ ಹೇಳುವುದು ಬೇಡ ಎಂದು ಅವರು ಗಟ್ಟಿ ಮಾಡಿಕೊಂಡರು.

ಇನ್ನು ಮೂರು ವಾರ ಉಳಿದಿದ್ದವು. ಕೈಯನ್ನು ಸರಿ ಮಾಡಲು ಆಗದು. ಗಾಡಿಯನ್ನು ಕೈಗೆ ಸರಿ ಮಾಡಬೇಕು. ಮಾಡಬೇಕಾದ್ದು ಏನೆಂದು ರಾಯರಿಗೆ ಚೆನ್ನಾಗಿ ಗೊತ್ತಿತ್ತು. ಆ ತೋಳಿನ ತೂತನ್ನು ದೊಡ್ಡದು ಮಾಡಬೇಕು. ಆಗ ಮೊಳೆ ತೂತಿನೊಳಗೇ ತನ್ನಷ್ಟಕ್ಕೆ ನಡುಗಿಕೊಂಡಿರುತ್ತದೆ, ನಡುಕ ಗಾಲಿಗೆ ಮುಟ್ಟುವುದಿಲ್ಲ. ಬೇಕೆಂದು ತಿರುಗಿಸಿದಾಗ ಮಾತ್ರ ಅಂಚಿಗೆ ತಾಗಿ ತೋಳನ್ನು ಎಳೆಯುತ್ತದೆ.

ಗೊತ್ತಿದ್ದರೂ ಲೋಹ ಉಜ್ಜುವ ಕಾನಸು ಹಿಡಿದು ಅರ್ಧ ಗಂಟೆ ಸುಮ್ಮನೆ ಕೂತರು. ಆ ತೂತು ಅವರ ಎಂಟು ವರ್ಷದ ಅತ್ಯುತ್ತಮ ಕೆಲಸ. ಇಡೀ ಬದುಕು ಯಾವುದನ್ನು ಕಂಡರೆ ಕೆಂಪು ಬಳಿದು ಒಗೆಯುತ್ತಿದ್ದರೋ, ಅದನ್ನು ಈಗ ತಮ್ಮ ಕೈಯಾರೆ ಮಾಡಬೇಕು. ಒಂದು ಸಲ ಕಾನಸು ಇಟ್ಟು ಎದ್ದರು. ಬಾಲ್ಕನಿಯಲ್ಲಿ ಎರಡು ಸುತ್ತು ಹಾಕಿದರು. ಬಂದು ಕೂತು, ಹಲ್ಲು ಕಚ್ಚಿ, ಮೊದಲ ಉಜ್ಜು ಉಜ್ಜಿದರು.

ಅದರಲ್ಲೂ ರಾಯರು ರಾಯರೇ. ಸಡಿಲು ಮಾಡುವುದನ್ನೂ ಸುಮ್ಮನೆ ಮಾಡಲಿಲ್ಲ. ಮೊದಲು ಅರ್ಧ ಮಿಲಿಮೀಟರ್, ಓಡಿಸಿ ನೋಡಿ ಮುಕ್ಕಾಲು, ಆಮೇಲೆ ಒಂದು. ಉದ್ದಕ್ಕೆ ಮಾತ್ರ, ಎಡಬಲ ಸಮ. ಹಾಗೇ ಬಿಟ್ಟರೆ ಗಾಲಿಗಳು ಎತ್ತೆತ್ತಲೋ ಅಲೆಯುತ್ತವೆಂದು ಪೂರ್ವಾಳ ಎರಡು ಬಾಲ್‌ಪೆನ್ನು ಬಿಚ್ಚಿ ಅವುಗಳ ಸ್ಪ್ರಿಂಗುಗಳನ್ನು ತೋಳಿನ ಎರಡೂ ಪಕ್ಕ ಕಟ್ಟಿ, ಗಾಲಿ ತಾನಾಗಿ ನೆಟ್ಟಗೆ ನಿಲ್ಲುವಂತೆ ಮಾಡಿದರು. ಕೊನೆಗೆ ಒಂದೂಕಾಲು ಮಿಲಿಮೀಟರಿಗೆ ಬಂದಾಗ ಗಾಡಿ ಅವರ ಕೈಯಲ್ಲಿ ಮೊದಲ ಸಲ ಕಾಲೋನಿಯ ರಸ್ತೆಯುದ್ದಕ್ಕೂ ನೆಟ್ಟಗೆ ಹೋಯಿತು. ರಾಯರು ಕುಣಿಯಲಿಲ್ಲ, ಕೂಗಲಿಲ್ಲ. “ಹಾಂ,” ಎಂದರು ಅಷ್ಟೆ.

ಆದರೆ ತಿರುವಿನಲ್ಲಿ ಹೊಸ ತಾಪತ್ರಯ. ಮೊಳೆ ತೂತಿನ ಖಾಲಿ ಜಾಗ ದಾಟಿ ಅಂಚಿಗೆ ತಾಗುವಷ್ಟರಲ್ಲಿ ತಿರುವೇ ದಾಟಿಹೋಗುತ್ತಿತ್ತು. ತಿರುವು ಬರುವ ಮೊದಲೇ, ಒಂದು ಮಾರು ದೂರ ಇರುವಾಗಲೇ, ಗಾಡಿ ಕೇಳುವುದಿಲ್ಲ ಎಂದು ಗೊತ್ತಿದ್ದೂ ತಿರುಗಿಸಬೇಕು. ರಾಯರು ಇಟ್ಟಿಗೆಗಳನ್ನಿಟ್ಟು ಖಡಕಿಯ ಅಂಗಳದ ತಿರುವುಗಳನ್ನೇ ರಸ್ತೆಯಲ್ಲಿ ಮಾಡಿಕೊಂಡರು. ಬೆಳಿಗ್ಗೆ ಫ್ಯಾಕ್ಟರಿಯ ಬಸ್ಸಿಗೆ ಮೊದಲು ಒಂದು ಬ್ಯಾಟರಿ ಮುಗಿಯುವಷ್ಟು ಅಭ್ಯಾಸ, ಸಂಜೆ ಬಂದು ಮೂರು. ದೀಪಾವಳಿಯ ನರಕ ಚತುರ್ದಶಿಯ ಬೆಳಿಗ್ಗೆಯೂ ಬಿಡಲಿಲ್ಲ. ಎಣ್ಣೆ ಹಚ್ಚಿಸಿಕೊಂಡ ತಲೆಯಲ್ಲೇ ಬ್ಯಾಟರಿ ಮುಗಿಸಿ ಬಂದು ಸ್ನಾನ ಮಾಡಿದರು. ಇಟ್ಟಿಗೆಗೆ ಗುದ್ದಿ ಮುರಿದ, ಮುಂದಿನ ಗಾಲಿ ಹಿಡಿದಿರುವ ತೋಳುಗಳನ್ನು ಪೂರ್ವಾ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಹನ್ನೊಂದಾದವು. ಹನ್ನೆರಡನೆಯದು ಮುರಿಯಲಿಲ್ಲ.

ಆ ಭಾನುವಾರ ಖಡಕಿಗೆ ಮೂವರೂ ಹೋದರು. ಭಾಮಾಬಾಯಿ ಎಂಟು ವರ್ಷದಲ್ಲಿ ಅಲ್ಲಿಗೆ ಬಂದದ್ದು ಅದೇ ಮೊದಲು. ಬೆಳಿಗ್ಗೆ ಒಬ್ಬೊಬ್ಬರೂ ಐದು ನಿಮಿಷ ಒಂಟಿಯಾಗಿ ಓಡಿಸಬೇಕು, ಹೆಚ್ಚು ಸುತ್ತು ಹೊಡೆದ ಐವರು ಮಧ್ಯಾಹ್ನದ ರೇಸಿಗೆ ಲಾರಿ ಹತ್ತಬೇಕು. ಪ್ರತಿಯೊಬ್ಬರ ಓಟಕ್ಕೂ ಮೊದಲು ಗಾಡಿಯ ತಪಾಸಣೆ. ಕೊನೆಯ ಸರದಿ ರಾಯರದು. ದೇವದಾಸ್ ಕನ್ನಡಕ ಏರಿಸಿಕೊಂಡು ರಾಯರ ಗಾಡಿ ಎತ್ತಿ, ಮುಂದಿನ ಗಾಲಿ ಹಿಡಿದು ಅಲ್ಲಾಡಿಸಿದರು. ಗಾಡಿಯೊಳಗಿಂದ ಕಟಕಟ ಸಪ್ಪಳ ಬಂತು.

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾಯರ ಗಾಡಿ ಕಟಕಟ ಅನ್ನುವುದೆಂದರೆ!

“ಬಿಂದುರಾವ್, ಸ್ಟೀರಿಂಗ್ ಭಾಳ ಸಡ್ಲ ಅದ. ಬಿಡಲಿಕ್ಕೆ ಬರೂದಿಲ್ಲ. ಸಡ್ಲ ಇದ್ರ ರಿಜೆಕ್ಟ್ ಅಂತ ನಿಯಮ ಅದ.” ಆಮೇಲೆ ದನಿ ತಗ್ಗಿಸಿ, “ನಿಯಮ ಬರದೋರೂ ನೀವ ಅಲ್ರಿ?” ಎಂದರು.

ನಿಜ. ತೊಂಬತ್ತೇಳರಲ್ಲಿ ಆ ಹಾಳೆಯನ್ನು ರಾಯರೇ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಬೆವರು ಬಂತು. ಎರಡೇ ದಾರಿ ಇದ್ದವು. ಗಾಡಿಯನ್ನು ಸುಮ್ಮನೆ ಓಂಕಾರನ ಕೈಗಿಟ್ಟು ಮನೆಗೆ ಹೋಗುವುದು, ಇಲ್ಲವೆ ಬಾಯಿ ಬಿಡುವುದು. ಗುಂಪಿನ ಹಿಂದೆ ಭಾಮಾಬಾಯಿ ನಿಂತಿದ್ದರು. ಸೆರಗು ಬಿಗಿ ಹಿಡಿದುಕೊಂಡಿದ್ದರು.

ರಾಯರು ಎರಡೂ ಕೈ ಮುಂದೆ ಚಾಚಿದರು. ಬೆರಳು ಬಿಡಿಸಿದರು.

“ನೋಡ್ರಿ ಎಲ್ಲಾರೂ. ನನ್ನ ಕೈ ನಡಗ್ತಾವ. ಎರಡು ವರ್ಷ ಆತು, ನಂಗ ಗೊತ್ತಾಗಿದ್ದು ದಸರಾಕ್ಕ. ಮುಂದ ಇನ್ನೂ ಹೆಚ್ಚ ನಡಗ್ತಾವ, ಕಡಿಮಿ ಆಗೂದಿಲ್ಲ.” ಕೈ ಇಳಿಸಿ ಗಾಡಿಯ ಕಡೆ ತೋರಿಸಿದರು. “ನಿಯಮ ನಾನ ಬರದೀನಿ, ತಪ್ಪ ಬರದಿದ್ದೆ. ಸವದು ಆದ ಸಡ್ಲ ಬ್ಯಾರೆ. ಇದು ಬೇಕಂತ ಬಿಟ್ಟದ್ದು. ಇದಕ್ಕ ಅಳತಿ ಅದ. ಒಂದೂಕಾಲು ಮಿಲಿಮೀಟರ್, ಎಡಕ್ಕ ಬಲಕ್ಕ ಸಮ. ತೊಗೋರಿ, ಅಳೀರಿ. ಒಂದು ಗೆರಿ ಹೆಚ್ಚ ಬಂದ್ರ ನಾನ ಗಾಡಿ ಎತ್ತಿಕೊಂಡು ಹೋಗ್ತೀನಿ.”

ದೇವದಾಸ್ ಆ ಕೈಗಳನ್ನೇ ನೋಡಿದರು. ಆಮೇಲೆ ಅಳತೆಯ ಕ್ಯಾಲಿಪರ್ ತೆಗೆದುಕೊಂಡು ನಿಧಾನವಾಗಿ ಅಳೆದರು.

“ಒಂದು ಪಾಯಿಂಟ್ ಎರಡೈದು,” ಎಂದು ಗಟ್ಟಿಯಾಗಿ ಓದಿದರು. ಹಾಳೆಯ ಮೇಲೆ ಅದನ್ನೇ ಬರೆದು, ಮುಂದೆ ‘ಸರಿ’ ಎಂದು ಬರೆದರು. “ಹೋಗ್ರಿ. ಲಾರಿ ಹತ್ತರಿ.”

ಅಷ್ಟು ಹೊತ್ತಿಗೆ ಉಳಿದವರೆಲ್ಲ ಓಡಿಸಿ ಮುಗಿಸಿ, ನಾಲ್ಕು ಜಾಗ ಗೊತ್ತಾಗಿದ್ದವು. ಐದನೆಯದರಲ್ಲಿ ಹತ್ತೊಂಬತ್ತು ಸುತ್ತು ಹೊಡೆದ ಓಂಕಾರ್ ಕೂತಿದ್ದ. ರಾಯರಿಗೆ ಇಪ್ಪತ್ತು ಬೇಕು.

ಮೊದಲ ಸುತ್ತು ಹೆದರಿಕೆಯಲ್ಲೇ ಹೋಯಿತು. ಎರಡನೆಯದರಲ್ಲಿ ನೆಟ್ಟಗಿನ ದಾರಿ ಬಂದಾಗ ಬೆರಳು ಪೂರ್ತಿ ಒತ್ತಿದರು. ಗಾಡಿ ಅಲುಗಲಿಲ್ಲ. ದಾರಿಯ ಕೊನೆಗೆ ಒಂದು ಮಾರು ಮೊದಲೇ ತಿರುಗಿಸಿದರು. ಗಾಡಿ ಒಂದು ಗಳಿಗೆ ಕೇಳದೆ ಮುಂದೆ ಹೋಗಿ, ಆಮೇಲೆ ನೆನಪಾದಂತೆ ಒಳಗೆ ತಿರುಗಿತು. ಐದು, ಆರು, ಏಳು. ಒಂಬತ್ತನೇ ಸುತ್ತಿನಲ್ಲಿ ಅವಸರ ಮಾಡಿ ಚೀಲಕ್ಕೆ ಪಕ್ಕೆ ತಾಗಿಸಿದರು. ಗಾಡಿ ಅಡ್ಡ ತಿರುಗಿ ನಿಂತಿತು, ಮೂರು ಸೆಕೆಂಡು ಹಾಳಾಯಿತು. ಕೆಳಗಿನಿಂದ ಪೂರ್ವಾ ಕೂಗಿದಳು, “ಅಪ್ಪಾ, ಮುಂಚೆ ತಿರುಗಸ್ರಿ, ಇನ್ನೂ ಮುಂಚೆ!” ರಾಯರು ಹಲ್ಲು ಕಚ್ಚಿದರು. ಹನ್ನೆರಡು. ಹದಿನೈದು. ಹೆಬ್ಬೆರಳು ಮರಗಟ್ಟಿತು, ಕೈ ಮೊದಲಿಗಿಂತ ಜೋರಾಗಿ ನಡುಗಿತು. ಗಾಡಿಗೆ ಅದು ಗೊತ್ತಾಗಲಿಲ್ಲ. ಹದಿನೆಂಟು. ಹತ್ತೊಂಬತ್ತನೇ ಸುತ್ತು ಮುಗಿದಾಗ ದೇವದಾಸರ ಗಡಿಯಾರದಲ್ಲಿ ಹದಿನಾಲ್ಕು ಸೆಕೆಂಡು ಉಳಿದಿತ್ತು. ಒಂದು ಸುತ್ತಿಗೆ ರಾಯರಿಗೆ ಹಿಡಿಯುತ್ತಿದ್ದದ್ದು ಹದಿನೈದು.

ಆ ಒಂದು ಸುತ್ತು ಅವರು ಹೇಗೆ ಓಡಿಸಿದರೆಂದು ಅವರನ್ನೇ ಕೇಳಿದರೂ ಹೇಳಲಾರರು. ಕೊನೆಯ ತಿರುವಿನಲ್ಲಿ ಚೀಲಕ್ಕೂ ಗಾಡಿಗೂ ನಡುವೆ ಕಾಗದ ತೂರಿಸುವಷ್ಟೂ ಜಾಗ ಇರಲಿಲ್ಲ. ಗೆರೆ ದಾಟಿತು. ದೇವದಾಸ್ ಗಡಿಯಾರ ಒತ್ತಿ, ಅದನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ನೋಡಿದರು.

“ಇಪ್ಪತ್ತು!” ಎಂದು ಕೂಗಿದರು. “ಅರ್ಧ ಸೆಕೆಂಡ್ ಉಳೀತ್ರಿ, ಇಪ್ಪತ್ತು!”

ರಾಯರು ಲಾರಿಯ ಅಂಚಿಗೆ ಕುಸಿದು ಕೂತರು. ಭಾಮಾಬಾಯಿ ನೀರಿನ ಲೋಟ ತಂದುಕೊಟ್ಟರು. ಅದರಲ್ಲಿ ಅರ್ಧ ರಾಯರ ಅಂಗಿಯ ಮೇಲೆ ಚೆಲ್ಲಿತು. ಇಬ್ಬರೂ ನಕ್ಕರು.

ಓಂಕಾರ್ ಹತ್ತಿರ ಬಂದ. ಜಾಗ ಹೋಯಿತು, ಗಾಡಿಯೂ ಸಿಗಲಿಲ್ಲ, ಮುಖ ಸಣ್ಣದಾಗಿತ್ತು. ಆದರೂ ಕೈ ಕಟ್ಟಿಕೊಂಡು ನಿಂತು, “ಕಾಕಾ, ಒಂದು ಸುತ್ತು ನಾ ಓಡಸಿ ನೋಡ್ಲ್ಯಾ? ಒಂದ ಸುತ್ತು,” ಎಂದ.

ರಾಯರು ರಿಮೋಟ್ ಕೊಟ್ಟರು. ಓಂಕಾರ್ ಲಾರಿಯ ಮೇಲೆ ನಿಂತು, ಆಸೆಯಿಂದ, ಬೆರಳು ಒತ್ತಿದ. ಗಾಡಿ ನೆಟ್ಟಗೆ ಹೊರಟಿತು. ತಿರುವಿಗೆ ಅವನು ಸರಿಯಾದ ಕ್ಷಣಕ್ಕೆ ತಿರುಗಿಸಿದ. ಗಾಡಿ ಸೀದಾ ಹೋಗಿ ಚೀಲಕ್ಕೆ ಗುದ್ದಿತು. ಹಿಂದೆ ತೆಗೆದು ಮತ್ತೆ ಹೊರಟ. ಎರಡನೇ ತಿರುವಿಗೂ ಅದೇ. ಮೂರನೆಯ ಸಲ ಮೊದಲೇ ತಿರುಗಿಸಲು ಹೋಗಿ, ಅದು ಅತಿಯಾಗಿ, ಗಾಡಿ ಗಿರ್ರನೆ ತಿರುಗಿ ಅವನ ಕಡೆಗೇ ಮುಖ ಮಾಡಿ ನಿಂತಿತು. ಊರಲ್ಲೇ ಚುರುಕು ಕೈ ಅವನದು. ಆ ಕೈಯಲ್ಲಿ ಗಾಡಿ ಅಂಗಳದ ಅರ್ಧವನ್ನೂ ದಾಟಲಿಲ್ಲ.

ಓಂಕಾರ್ ಕೆಳಗಿಳಿದು ಬಂದು ರಿಮೋಟನ್ನು ಎರಡೂ ಕೈಯಿಂದ ವಾಪಸು ಕೊಟ್ಟ.

“ಕಾಕಾ, ಇದನ್ನ ನೀವು ನನಗ ಕೊಟ್ಟಿದ್ರೂ ನಾ ಏನ ಮಾಡ್ತಿದ್ದೆ? ಇದು ನಿಮ್ಮನ್ನ ಬಿಟ್ಟ ಯಾರ ಕೈಯಾಗೂ ಓಡೂದಿಲ್ಲ.”

ರಾಯರು ಹುಡುಗನ ಬೆನ್ನು ತಟ್ಟಿದರು. ಆಚೆ ಬೋರ್ಡಿನ ಮುಂದೆ ದೇವದಾಸ್ ಸೀಮೆಸುಣ್ಣ ಹಿಡಿದು ಮಧ್ಯಾಹ್ನದ ಐವರ ಹೆಸರು ಬರೆಯುತ್ತಿದ್ದರು. ಐದನೆಯ ಹೆಸರು ಬರೆದು ಮುಗಿಯುವವರೆಗೆ ರಾಯರು ಕಾಯಲಿಲ್ಲ. ಗಾಡಿಗೆ ಹೊಸ ಬ್ಯಾಟರಿ ಹಾಕಲು ಕೂತಿದ್ದರು.